ಆಡು ಮುಟ್ಟುವ ಸೊಪ್ಪು

ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ಹಿರಿಯರು ಹೇಳುತ್ತಾರೆ. ಆದರೆ 'ಆಡು ಮುಟ್ಟದ ಸೊಪ್ಪಿಲ್ಲ' ಎಂಬ ಗಾದೆಯ ವಿಷಯದಲ್ಲಿ ನನ್ನದೊಂದು ತಕರಾರಿದೆ. ನಮ್ಮ ಬಯಲುಸೀಮೆಯ ಆಡು ಲಕ್ಕಿಯನ್ನು ಮುಟ್ಟದು. ಅದಕ್ಕೆಂದೇ ರೈತರು ಲಕ್ಕಿಯನ್ನು ಬೇಲಿಗೆ ನೆಡುವುದು. ನೀಲಗಿರಿಯನ್ನು ಮೂಸಿ ಮುಂದೆ ಹೋಗುತ್ತದೆ. ಹಸಿವು ತಾಳದೆ ಲಂಟಾನವನ್ನು ತಿಂದರೆ ಕಾಮಾಲೆಯಾಗಿ ನರಳುತ್ತದೆ. ಹೀಗಿರುವಾಗ, ಸಿಕ್ಕಿದ್ದನ್ನೆಲ್ಲ ತಿಂದು ಕಾಡನ್ನು ಹಾಳುಮಾಡುವ ಪ್ರಾಣಿಯೆಂಬ ಅಪವಾದವನ್ನು ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಆಡು ಅರಸುವುದು ಬೋರೆ, ಕಾರೆ, ಕವಳಿ, ಜಾಲಿಗಳಂಥ ನಾಡಗಿಡಗಳ ಸೊಪ್ಪನ್ನು. ಚುರುಕಾದ ಮೇಲ್ದುಟಿಯಿಂದ ಮುಳ್ಳಿನ ನಡುವಣ ಎಲೆಯನ್ನು ಬಿಡಿಸಿಕೊಳ್ಳುತ್ತದೆ. ಹಿಂಗಾಲ ಮೇಲೆ ನಿಂತು ಕೊಂಬೆಯನ್ನು ಎಟುಕಿಸಿಕೊಳ್ಳುತ್ತದೆ. ಎಲೆಯ ಒಗರನ್ನು ದನಗಳಿಗಿಂತ ಹೆಚ್ಚು ಸಹಿಸುತ್ತದೆ. ಒಗರು ಮಿತಿಮೀರಿದರೆ ಮಾತ್ರ ಸೊಪ್ಪಿನ ಪ್ರೋಟೀನು ಸರಿಯಾಗಿ ಜೀರ್ಣವಾಗದು. ಹತ್ತು ಗಿಡಗಳಲ್ಲಿ ಬಾಯಾಡಿಸುವ ಅದರ ಚಪಲ ಈ ಕಾರಣದಿಂದ ಒಳ್ಳೆಯದೇ. ಬೇಸಗೆಯಲ್ಲಿ ಒಣಹುಲ್ಲಿನ ಪ್ರೋಟೀನು ಶೇಕಡಾ 3-4ಕ್ಕೆ ಇಳಿದಿರುವಾಗ, ಆಳಕ್ಕೆ ಬೇರಿಳಿಸಿದ ಬೋರೆಯ ಎಲೆಯಲ್ಲಿ ಅದು ಶೇಕಡಾ 10ಕ್ಕೂ ಮಿಗಿಲಾಗಿರುತ್ತದೆ.

1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರವೇ ಮುಂತಾದ ಕಡೆ ನೀಲಗಿರಿ ಹರಡಿತು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಂತರ್ಜಲದ ಮಾತು ಆಗ ಬಹಳ ನಡೆಯಿತು. ಆಡಿನ ಮೇವಿನ ಮಾತು ಅಪರೂಪ. 2019ರ ಜಾನುವಾರು ಗಣತಿಯಂತೆ ನಮ್ಮ ರಾಜ್ಯದಲ್ಲಿ ಸುಮಾರು 60 ಲಕ್ಷ ಆಡುಗಳಿದ್ದವು. ಅವುಗಳಲ್ಲಿ ಬಹುಪಾಲು ಬಡವರ ಮನೆಯವು. ನಾನೂ ಅಂಥ ಮನೆಯಿಂದ ಬಂದವನು. ನನ್ನ ಕಾಲೇಜು ಶುಲ್ಕಕ್ಕಾಗಿ ಎರಡು ಹೋತಗಳು ಸಂತೆಗೆ ಹೋಗಿವೆ. ಅವು ಬೆಳೆದದ್ದು ಕೊಂಡುತಂದ ಹಿಂಡಿಯಿಂದಲ್ಲ, ಗುಡ್ಡದ ಕುರುಚಲಿನಿಂದ.

ಆಡು ಚಿಗುರನ್ನೇ ಕಚ್ಚುವುದರಿಂದ ಸಸಿ ಮೇಲೇಳದೆಂಬ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಹಿಂಡು ಹೆಚ್ಚಿ ನೆಲ ಕುಗ್ಗಿದರೆ ಹಾಗಾಗುವುದು ನಿಶ್ಚಯ. ಆದರೆ ಅದಕ್ಕೆ ಮದ್ದು ಆಡನ್ನು ಓಡಿಸುವುದಲ್ಲ. ಗೋಮಾಳವನ್ನು ಮೂರು ಪಾಲು ಮಾಡಿ ಸರದಿಯಂತೆ ಒಂದೊಂದು ಪಾಲಿಗೆ ಬಿಡುವು ಕೊಡುವುದು, ರೆಂಬೆ ಕಡಿಯದೆ ಕುಡಿಯನ್ನಷ್ಟೇ ಸವರುವುದು.

ಸಹಪಾಠಿಗಳೇ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ನಾವು ಸಸಿ ನೆಡುತ್ತೇವಷ್ಟೆ. ಮುಂದಿನ ಶಿಬಿರದಲ್ಲಿ ಅಲಂಕಾರದ ಗಿಡಗಳ ಬದಲು ಹಳ್ಳಿಯ ಗೋಮಾಳದಂಚಿಗೆ ಬೋರೆ, ಕಮರ, ಬನ್ನಿಗಳನ್ನು ನೆಡೋಣ. ಯಾವುದನ್ನು ಎಲ್ಲಿ ನೆಡಬೇಕೆಂಬುದನ್ನು ಆಡು ಕಾಯುವವರನ್ನೇ ಕೇಳೋಣ. ಪರೀಕ್ಷೆಗೆ ಬಾರದ ಆ ಪಾಠವನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.