“ಟ್ಯಾಕ್ಸಿಯಂತಿದೆ” ಎಂಬ ಆಕ್ಷೇಪ

ಕಾರು ಕೊಳ್ಳಲು ಹೊರಟ ಸಂಸಾರಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: “ಅದು ಬೇಡ, ಟ್ಯಾಕ್ಸಿಯಂತಿದೆ.” ಈ ಒಂದು ವಾಕ್ಯದ ಮುಂದೆ ಇಂಜಿನಿನ ಗುಣ, ಇಂಧನದ ಖರ್ಚು, ಆಸನದ ವೈಶಾಲ್ಯ ಯಾವುದೂ ನಿಲ್ಲಲಾರದು. ವಿಜ್ಞಾನದ ವಿದ್ಯಾರ್ಥಿಗಾದರೂ ಈ ತೀರ್ಪು ತಲೆಕೆಳಗಾದುದೆಂದು ತೋರಬೇಕು.

ಟೊಯೋಟಾ ಎಟಿಯೋಸನ್ನೇ ತೆಗೆದುಕೊಳ್ಳೋಣ. ನಮ್ಮ ಬಿಡದಿಯಲ್ಲಿ ತಯಾರಾಗಿ 2010ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದು, 2020ರಲ್ಲಿ ನಿಂತುಹೋದ ಸೆಡಾನ್ ಅದು. ಇಂಜಿನಿಗೊಂದು, ಜನರಿಗೊಂದು, ಸಾಮಾನಿಗೊಂದು ಎಂದು ಮೂರು ಪೆಟ್ಟಿಗೆಗಳನ್ನು ಜೋಡಿಸಿಟ್ಟಂಥ ಆಕಾರ. ಡೀಸೆಲ್ ಇಂಜಿನಿನ ಶಕ್ತಿ ಕೇವಲ 68 ಅಶ್ವಶಕ್ತಿ. ಕಾಲೇಜಿನ ತರುಣರು ಇದನ್ನು ಕೇಳಿ ನಗುವುದುಂಟು. ಆದರೆ ಈ ಗರಿಷ್ಠ ಶಕ್ತಿ ದೊರೆಯುವುದು ಇಂಜಿನು ನಿಮಿಷಕ್ಕೆ 3800 ಸುತ್ತು ತಿರುಗುವಾಗ. ಊರೊಳಗಿನ ಜನಸಂದಣಿಯಲ್ಲಿ ಇಂಜಿನನ್ನು ಅಷ್ಟು ವೇಗವಾಗಿ ತಿರುಗಿಸುವವರಾರು? ಅಲ್ಲಿ ಬೇಕಾದುದು ಟಾರ್ಕ್, ಅಂದರೆ ತಿರುಗಿಸುವ ಬಲ. ಅದು ಈ ಇಂಜಿನಿನಲ್ಲಿ 170 ನ್ಯೂಟನ್ ಮೀಟರ್. 1800 ಸುತ್ತಿಗೇ ಪೂರ್ತಿಯಾಗಿ ಕೈಗೆ ಬರುತ್ತದೆ.

ಇನ್ನು ತೂಕದ ವಿಚಾರ. ಕಾರು, ಜನ, ಸಾಮಾನು ಎಲ್ಲ ಸೇರಿ 1250 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಗಂಟೆಗೆ 36 ಕಿಲೋಮೀಟರ್, ಎಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅದರ ಚಲನಶಕ್ತಿ 62,500 ಜೂಲ್. ಮುಂದಿನ ಕೆಂಪು ದೀಪದಲ್ಲಿ ಇದೆಲ್ಲವೂ ಬ್ರೇಕಿನ ಬಿಸಿಯಾಗಿ ಗಾಳಿಯ ಪಾಲಾಗುತ್ತದೆ. ಒಂದು ಲೀಟರು ಡೀಸೆಲಿನಲ್ಲಿ ಸುಮಾರು 360 ಲಕ್ಷ ಜೂಲ್ ಶಕ್ತಿಯಿದೆ. ಅದರಲ್ಲಿ ಐದರಲ್ಲೊಂದು ಪಾಲು ಚಕ್ರವನ್ನು ತಲುಪುವುದೆಂದು ಎಣಿಸಿದರೆ, ಸುಮಾರು 115 ಸಲ ನಿಂತು ಹೊರಡುವುದಕ್ಕೇ ಒಂದು ಲೀಟರು ಮುಗಿಯಿತು. ಅರ್ಧ ಟನ್ನು ಹೆಚ್ಚು ಭಾರದ, ಎತ್ತರದ ವಾಹನಕ್ಕಾದರೆ ಅದೇ ಲೀಟರು 82 ಸಲಕ್ಕೆ ಮುಗಿಯುತ್ತದೆ. ಓದುಗರು ತಾವೇ ಲೆಕ್ಕ ಹಾಕಿ ನೋಡಬಹುದು. ನಿತ್ಯವೂ ಅದೇ ರಸ್ತೆಯಲ್ಲಿ ಕಚೇರಿಗೆ ಹೋಗಿಬರುವವನಿಗೆ ಇದು ಸಣ್ಣ ಸಂಗತಿಯಲ್ಲ.

ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರವಿರುವ ಕಾರನ್ನು ಬಾಡಿಗೆಗೆ ಪಡೆದು, ಒಂದು ದಿನ ತಾನೇ ಓಡಿಸಿ, ಅದರ ಬಗ್ಗೆ ಖಂಡಿತವಾಗಿ ಮಾತನಾಡುವವರಿದ್ದಾರೆ. ಆಸನ, ಸ್ಟಿಯರಿಂಗು, ಬ್ರೇಕುಗಳ ವಿಷಯದಲ್ಲಿ ಅವರ ಮಾತನ್ನು ಒಪ್ಪೋಣ. ಲಕ್ಷಾಂತರ ಕಿಲೋಮೀಟರುಗಳ ಮೇಲೆ ಕ್ಲಚ್ಚು ಹೇಗಿರುತ್ತದೆ, ದುರಸ್ತಿಗೆ ವರ್ಷಕ್ಕೆ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಬಲ್ಲವನು ಹಳದಿ ಹಲಗೆಯ ಟ್ಯಾಕ್ಸಿಯ ಮಾಲೀಕ. ಕಾರು ನಿಂತ ದಿನ ಅವನಿಗೆ ಸಂಪಾದನೆಯಿಲ್ಲ. ಸ್ವಂತ ಹಣ ತೊಡಗಿಸಿ ಇಷ್ಟು ದೀರ್ಘವಾಗಿ ಪ್ರಯೋಗ ನಡೆಸುವವರು ಬೇರೆ ಯಾರಿದ್ದಾರೆ? ಅಂಥವರು ಒಂದು ಕಾರನ್ನು ಗುಂಪುಗುಂಪಾಗಿ ಆರಿಸಿಕೊಂಡರೆ ಅದನ್ನು ಕಾರಿಗೆ ಸಂದ ಪ್ರಮಾಣಪತ್ರವೆಂದು ಓದಬೇಕೇ ಹೊರತು ಕಳಂಕವೆಂದಲ್ಲ.

ಅವನ ತಕ್ಕಡಿ ಪೂರ್ತಿಯಾಗಿ ನಮ್ಮದೂ ಅಲ್ಲವೆನ್ನಿ. ಹಿಂದಿನ ಆಸನದಲ್ಲಿ ಮೂವರು ಕೂರಬೇಕು, ಡಿಕ್ಕಿಯಲ್ಲಿ ಅವರ ಗಂಟುಮೂಟೆ ಹಿಡಿಸಬೇಕು. ಓಡಿಸುವ ಸುಖ ಅವನಿಗೆ ಆಮೇಲಿನದು. ಎಟಿಯೋಸಿನ ಡಿಕ್ಕಿ 595 ಲೀಟರಿನದು. ನಾಲ್ಕು ಮೀಟರಿಗಿಂತ ಗಿಡ್ಡದಾದ ಕಾರುಗಳಿಗೆ ತೆರಿಗೆಯಲ್ಲಿ ರಿಯಾಯಿತಿ ಇದ್ದುದರಿಂದ 2012ರಲ್ಲಿ ಮಾರುತಿ ಡಿಸೈರ್ ಕಾರಿನ ಬಾಲವನ್ನು ಮೊಟಕುಗೊಳಿಸಿದರು. ಅದರ ಡಿಕ್ಕಿ 440 ಲೀಟರಿನಿಂದ 316ಕ್ಕೆ ಇಳಿಯಿತು. ಕಾರಿನ ಆಕಾರವನ್ನು ಗಾಳಿಯ ನಿಯಮಗಳಷ್ಟೇ ಅಲ್ಲ, ಸುಂಕದ ನಿಯಮಗಳೂ ಕೊರೆಯುತ್ತವೆ!

ಎಟಿಯೋಸಿನಲ್ಲಿ ದೋಷವಿಲ್ಲವೆಂದು ಯಾರೂ ತಿಳಿಯಬಾರದು. ವೇಗಮಾಪಕವನ್ನು ಚಾಲಕನ ಎದುರಿಗಿಡದೆ ನಡುವಿನಲ್ಲಿಟ್ಟಿದ್ದಾರೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಅಂಥ ಹೊತ್ತಿನಲ್ಲಿ ಕಣ್ಣನ್ನು ರಸ್ತೆಯಿಂದ ಪಕ್ಕಕ್ಕೆ ಸರಿಸುವುದು ಕ್ಷೇಮವಲ್ಲ. ಈ ಕಾರಣವನ್ನು ಹೇಳಿ ಆ ಕಾರನ್ನು ಬೇಡವೆಂದವರೊಡನೆ ನನಗೆ ವಾದವಿಲ್ಲ.