ತಪ್ಪು ಅನ್ನಿ, ಒಪ್ಪುತ್ತೇನೆ

ಕಳೆದ ಬೇಸಿಗೆಯಲ್ಲಿ ಧಾರವಾಡದಲ್ಲಿ ನಮ್ಮ ಬಳಗದ ಮದುವೆಯೊಂದಿತ್ತು. ಊಟಕ್ಕೆ ಕೂಡುವ ಮೊದಲು ನನ್ನ ಸೋದರಮಾವ ಲಗ್ನಪತ್ರಿಕೆಯನ್ನು ನನ್ನ ಮಗಳ ಕೈಗಿಟ್ಟು, "ಓದವಾ, ನೋಡೋಣು" ಅಂದರು. ಹುಡುಗಿ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು. ಕನ್ನಡ ಮಾತಾಡುತ್ತಾಳೆ, ಅದೂ ಅಪ್ಪಟ ಧಾರವಾಡದ ಕನ್ನಡ. ಓದಲು ಮಾತ್ರ ಬರುವುದಿಲ್ಲ. ತಡವರಿಸಿದಳು. ಮಾವ ನನ್ನ ಕಡೆ ತಿರುಗಿ, ನಾಲ್ಕು ಮಂದಿಗೆ ಕೇಳುವ ಹಾಗೆ, "ನೀವು ಮುಂಬಯಿ ಮಂದಿ ಕನ್ನಡಕ್ಕ ದ್ರೋಹ ಮಾಡೀರಿ ನೋಡಪಾ" ಅಂದರು.

ಹಿರಿಯರು ಬೈದರೆ ಬೈಸಿಕೊಳ್ಳೋಣ, ಅದೇನು ಹೊಸದಲ್ಲ. ಆದರೆ ಆ 'ದ್ರೋಹ' ಗಂಟಲಲ್ಲೇ ಸಿಕ್ಕಿಕೊಂಡಿತು. ಅವತ್ತು ಹೋಳಿಗೆ ಇಳಿಯಲಿಲ್ಲ.

ಒಬ್ಬರ ಕಡೆ ಬೆರಳು ತೋರಿಸಲು ಕನ್ನಡದಲ್ಲಿ ಶಬ್ದಗಳಿಗೆ ಬರವೇ? ತಪ್ಪು, ದೂರು, ಆಕ್ಷೇಪ, ಆರೋಪ, ನಿಂದೆ, ದ್ರೋಹ. ಒಂದೊಂದಕ್ಕೂ ಒಂದೊಂದು ತೂಕ. ತಪ್ಪು ಅಂದರೆ ತಿದ್ದಿಕೊಳ್ಳಲು ದಾರಿಯುಂಟು. ದೂರು ಅಂದರೆ ಕೇಳುವವರೊಬ್ಬರು ಇರಬೇಕು, ದೂರಿಸಿಕೊಂಡವನಿಗೂ ಉತ್ತರ ಹೇಳುವ ಸರದಿ ಬರಬೇಕು. ಆರೋಪ ಅಂದರೆ ಮೂಲದಲ್ಲಿ ಮೇಲೆ ಏರಿಸುವುದು. ಏರಿಸಿದವನೇ ಅದನ್ನು ರುಜುವಾತು ಮಾಡಬೇಕು. ನಿಂದೆಗೆ ಇದಾವುದೂ ಬೇಡ, ಬಾಯಿದ್ದರೆ ಸಾಕು. ಇನ್ನು ದ್ರೋಹ ಅಂದಮೇಲೆ ಮಾತೇ ಮುಗಿಯಿತು. ಆ ಮನುಷ್ಯನನ್ನು ಹೊರಗೆ ಹಾಕುವುದೊಂದೇ ಬಾಕಿ. ಶಬ್ದ ಆರಿಸುವಾಗಲೇ ನಾವು ಶಿಕ್ಷೆಯನ್ನೂ ಆರಿಸಿರುತ್ತೇವೆ.

ಇಲ್ಲಿಯ ಮರಾಠಿ ನೆರೆಹೊರೆಯವರು ಹುಳುಕು ಹುಡುಕುವುದಕ್ಕೆ 'ನಾವ ಠೇವಣೆ' ಅನ್ನುತ್ತಾರೆ. ಅಂದರೆ ಹೆಸರಿಡುವುದು. ನಮ್ಮ ಕಡೆಯೂ 'ಮಂದಿ ಹೆಸರ ಇಡತಾರ' ಅನ್ನುತ್ತೇವಲ್ಲ, ಅದೇ. ಒಮ್ಮೆ ಇಟ್ಟ ಹೆಸರು ಜನ್ಮಕ್ಕೆ ಅಂಟಿಕೊಳ್ಳುತ್ತದೆ. ಹೊರನಾಡಿನವರಿಗೆ ನೀವು ಇಟ್ಟಿರುವ ಹೆಸರು 'ಕನ್ನಡ ಮರೆತವರು'.

ಮರೆತವರೇ? ಮಾಟುಂಗಾದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ, ಕರ್ನಾಟಕ ಏಕೀಕರಣಕ್ಕಿಂತ 30 ವರ್ಷ ಮೊದಲು. ಹಗಲೆಲ್ಲ ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆದ ಹುಡುಗರು ಇದೇ ಊರಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಕೂತು ಓದಿ ಮೇಲೆ ಬಂದರು. ಯಶವಂತ ಚಿತ್ತಾಲರು 1979ರಲ್ಲಿ ಪ್ರಕಟವಾದ 'ಶಿಕಾರಿ'ಯನ್ನು ಬರೆದದ್ದೂ ಮುಂಬಯಿಯಲ್ಲಿ ನೌಕರಿ ಮಾಡುತ್ತಲೇ. ಅದರ ನಾಯಕ ನಾಗಪ್ಪನನ್ನು ಕಂಪನಿ ಕೆಲಸದಿಂದ ದೂರ ಇಡುತ್ತದೆ. ತನ್ನ ಮೇಲಿನ ಆರೋಪವೇನೆಂದು ತಿಳಿಯದೆ ಅವನು ಒದ್ದಾಡುತ್ತಾನೆ. ಊರಿಗೆ ಬಂದಾಗಲೆಲ್ಲ ನಮ್ಮದೂ ಸ್ವಲ್ಪ ಅದೇ ಗತಿ.

ಮದುವೆಮನೆಯಲ್ಲಿ ಮಾವನನ್ನು ಕೇಳಿದೆ: "ಮಾಮಾ, ನಿಮ್ಮ ಮೊಮ್ಮಗ ಯಾವ ಸಾಲಿಗೆ ಹೋಗ್ತಾನ್ರಿ?"

"ಇಂಗ್ಲಿಷ್ ಮೀಡಿಯಂ ಅಪಾ. ಏನ್ ಮಾಡೋದು, ಈಗಿನ ಕಾಲಕ್ಕ ಅನಿವಾರ್ಯ ಆಗೇದ."

ನೋಡಿದಿರಾ? ಧಾರವಾಡದಲ್ಲಿ ಅನಿವಾರ್ಯ ಆದದ್ದು ಡೊಂಬಿವಲಿಯಲ್ಲಿ ದ್ರೋಹ ಆಯಿತು. 2019ರಲ್ಲಿ ಕರ್ನಾಟಕ ಸರ್ಕಾರವೇ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಸಾಹಿತಿಗಳು ವಿರೋಧಿಸಿದರು, ಪಾಲಕರು ಮಕ್ಕಳನ್ನು ಸೇರಿಸಿದರು. ಆ ಪಾಲಕರನ್ನು ನಾನು ದೂರುವುದಿಲ್ಲ. ಮಕ್ಕಳ ಅನ್ನದ ಚಿಂತೆ ಅವರಿಗೆ ಇರುವಂತೆ ನನಗೂ ಇತ್ತು. ನಾನು ಕೇಳುವುದಿಷ್ಟೇ: ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ. ದೂರ ಇದ್ದವರನ್ನು ದೂರುವುದು ಸುಲಭ, ಅವರು ಎದುರು ಮಾತಾಡಲು ಅಲ್ಲಿ ಇರುವುದಿಲ್ಲ.

ಹಾಗಂತ ನಾನು ಕೈ ತೊಳೆದುಕೊಳ್ಳುತ್ತಿಲ್ಲ. ಮಗಳಿಗೆ ಅಕ್ಷರ ಕಲಿಸದೇ ಇದ್ದದ್ದು ನನ್ನ ತಪ್ಪು. ಲೋಕಲ್ ಗಾಡಿ, ಹೋಗಿ ಬರೋದಕ್ಕೇ ಮೂರು ತಾಸು, ಹೊತ್ತೆಲ್ಲಿ ಸಿಗುತ್ತದೆ ಅಂತ ನೆಪ ಹೇಳುತ್ತಾ ಬಂದೆ. ಆದಿತ್ಯವಾರ ಇತ್ತಲ್ಲ? ಮಹಾನಗರದ ಮೇಲೆ, ಕಾಲದ ಮೇಲೆ ಗೂಬೆ ಕೂರಿಸಿದರೆ ನಾನೂ ನಿಮ್ಮ ಹಾಗೆಯೇ ಆದೆ. ತಪ್ಪು ಅನ್ನಿ, ತಲೆ ಬಾಗಿಸಿ ಒಪ್ಪುತ್ತೇನೆ, ತಿದ್ದಿಕೊಳ್ಳುತ್ತೇನೆ. ದ್ರೋಹ ಅಂದರೆ ಒಪ್ಪಲಾರೆ, ಯಾಕಂದರೆ ಅದನ್ನು ತಿದ್ದಲು ಬರುವುದಿಲ್ಲ.

ಅಂದು ಪಂಕ್ತಿಯಲ್ಲಿ ಯಾರ ಬಾಯಿಂದಲೂ ಬಾರದ ಒಂದು ಶಬ್ದವಿದೆ: ಹೊಣೆ. ಉಳಿದ ಶಬ್ದಗಳನ್ನೆಲ್ಲ ಮತ್ತೊಬ್ಬರ ಮೇಲೆ ಎಸೆಯಬಹುದು. ಇದೊಂದನ್ನು ಮಾತ್ರ ನಾವೇ ಹೊರಬೇಕು.

ಆ ಲಗ್ನಪತ್ರಿಕೆಯನ್ನು ಮಗಳು ಮುಂಬಯಿಗೆ ತಂದಿದ್ದಾಳೆ. ಆದಿತ್ಯವಾರ ಇಬ್ಬರೂ ಕೂತು ಒಂದೊಂದೇ ಅಕ್ಷರ ಬಿಡಿಸುತ್ತೇವೆ. ಒತ್ತಕ್ಷರದ ತನಕ ಬಂದಿದ್ದೇವೆ. ಮಾಮಾ, ದೀಪಾವಳಿಗೆ ಅವಳಿಗೊಂದು ಕಾಗದ ಬರಲಿ, ಕನ್ನಡದಲ್ಲಿ. ಓದಿಸುವ ಹೊಣೆ ನನ್ನದು. ಆದರೆ ನೀವು ಬರೆಯಬೇಡಿ. ನಿಮ್ಮ ಮೊಮ್ಮಗನ ಕೈಯಿಂದ ಬರೆಸಿರಿ.