ಕದ್ದ ಹೆಜ್ಜೆ, ಭಾಗ ಎರಡು

ಹೋದ ವಾರ ಊರಿಗೆ ಹೊರಟಿದ್ದೆ. ವಿಜಯಪುರದಲ್ಲಿ ಬಸ್ ಹತ್ತಿ, ಟಿಕೋಟಾ ದಾಟಿ ಕನಮಡಿ ಮುಟ್ಟುವಷ್ಟರಲ್ಲಿ ಟೈಂಪಾಸ್‌ಗೆ ಅಂತ ಫೋನಿನಲ್ಲಿ ‘ಎಬಿಸಿಡಿ 2’ ಹಾಕಿದೆ. 2015ರ ಜೂನ್‌ನಲ್ಲಿ ರಿಲೀಸ್ ಆದಾಗ ಕಾಲೇಜ್ ದೋಸ್ತರ ಜೊತೆ ಸೀಟಿ ಹೊಡೆದು ನೋಡಿದ್ದ ಸಿನಿಮಾ. ಈ ಸಲ ಅರ್ಧಕ್ಕೇ ಬೇಜಾರಾಯ್ತು.

ನಮಗೆ ಆ ಸಿನಿಮಾ ಮೇಲೆ ಪ್ರೀತಿ ಇರೋಕೆ ಇನ್ನೊಂದು ಕಾರಣ ಇತ್ತು. ನಿರ್ದೇಶಕ ರೆಮೋ ಡಿಸೋಜಾ ಹುಟ್ಟಿದ್ದು ಬೆಂಗಳೂರಲ್ಲಿ, ಗುರುವಿನ ಪಾತ್ರದ ಪ್ರಭುದೇವ ಮೈಸೂರಲ್ಲಿ. ‘ನಮ್ಮವರು’ ಅಂತ ಜಂಬ.

2013ರ ಮೊದಲ ಭಾಗದಲ್ಲಿ ಗಲ್ಲಿ ಹುಡುಗರ ಡ್ಯಾನ್ಸನ್ನು ದೊಡ್ಡ ಅಕಾಡೆಮಿಯವನು ಕದೀತಾನೆ. ಹುಡುಗರು ಕೊನೇ ಗಳಿಗೆಯಲ್ಲಿ ತಮ್ಮದೇ ಬೇರೆ ಡ್ಯಾನ್ಸ್ ಮಾಡಿ ಗೆಲ್ತಾರೆ. ಎರಡನೇ ಭಾಗದಲ್ಲಿ ಕಥೆ ಉಲ್ಟಾ. ಫಿಲಿಪೈನ್ಸ್ ತಂಡದ ಡ್ಯಾನ್ಸ್ ಕಾಪಿ ಮಾಡಿದ್ದಕ್ಕೆ ನಾಯಕನ ತಂಡವೇ ಟಿವಿ ಸ್ಪರ್ಧೆಯಿಂದ ಹೊರಬೀಳುತ್ತೆ. ಊರೆಲ್ಲಾ ಕಳ್ಳರು ಅನ್ನುತ್ತೆ. ಎಂಥಾ ಆರಂಭ! ಯಾಕೆ ಕದ್ದರು? ಅದನ್ನ ಒಪ್ಪಿಕೊಂಡು ಬದುಕೋದು ಹೇಗೆ?

ಸಿನಿಮಾ ಅಲ್ಲಿ ನಿಲ್ಲುವುದೇ ಇಲ್ಲ. ಸೀದಾ ಲಾಸ್ ವೇಗಸ್. ನಾಯಕಿಯ ಕಾಲಿಗೆ ಪೆಟ್ಟು, ನಾಯಕನಿಗೆ ಕಾಯಿಲೆ, ಕೊನೆಗೆ ದೇಶಭಕ್ತಿ. ಚಪ್ಪಾಳೆ ಬಿದ್ದರೆ ಕಳಂಕ ತೊಳೆದುಹೋಯ್ತು ಅನ್ನೋ ಲೆಕ್ಕ. ಇದಕ್ಕೆ ಸ್ಫೂರ್ತಿಯಾದ ಸುರೇಶ್ ಮುಕುಂದ್ ಸುಮ್ಮನೆ ಕೂರಲಿಲ್ಲ. ಅವರ ತಂಡ ವರ್ಷಗಟ್ಟಲೆ ಬೆವರು ಸುರಿಸಿ, 2019ರಲ್ಲಿ ಅಮೆರಿಕದ ‘ವರ್ಲ್ಡ್ ಆಫ್ ಡ್ಯಾನ್ಸ್’ ಗೆದ್ದಿತು. ನಿಜವಾದ ಭಾಗ ಎರಡು ಅದು.

ಬೇಜಾರಿಗೆ ಅಸಲಿ ಕಾರಣ ಬೇರೆ ಇದೆ, ಹೇಳಿಬಿಡ್ತೀನಿ.

ಇಂಜಿನಿಯರಿಂಗ್ ಎರಡನೇ ವರ್ಷದ ಗ್ಯಾದರಿಂಗ್. ಮೊದಲ ಭಾಗದ ಗಣಪತಿ ಡ್ಯಾನ್ಸನ್ನು ನಾವು ಆರು ಮಂದಿ ಯೂಟ್ಯೂಬ್ ನೋಡಿ, ನಿಲ್ಲಿಸಿ, ಹಿಂದಕ್ಕೆ ಎಳೆದು, ಸ್ಟೆಪ್ ಬೈ ಸ್ಟೆಪ್ ಕಾಪಿ ಹೊಡೆದಿದ್ದೆವು. ನಮ್ಮೂರಿನವನೇ ಆದ ನನ್ನ ಕ್ಲಾಸ್‌ಮೇಟ್ ಒಬ್ಬ ಮೊಹರಂ ಹೆಜ್ಜೆ ಕುಣಿತವನ್ನು ಹಲಗಿ ಬಡಿತದ ಮೇಲೆ ತಾನೇ ಕೂಡಿಸಿ, ಒಬ್ಬನೇ ಕುಣಿದಿದ್ದ. ಫಸ್ಟ್ ಪ್ರೈಜ್ ನಮಗೆ, ಸೆಕೆಂಡ್ ಅವನಿಗೆ. ಜಡ್ಜ್ ಒಬ್ಬರು ‘ಹೊಸತನ’ ಅಂತ ಹೊಗಳಿದ್ದು ನಮ್ಮನ್ನ! ನಾನು ಬಾಯಿ ಬಿಡಲಿಲ್ಲ. ಆ ಕಪ್ ಇವತ್ತಿಗೂ ಮನೆಯ ಟಿವಿ ಪಕ್ಕ ಇದೆ. ಅವ್ವ ದೀಪಾವಳಿಗೊಮ್ಮೆ ಅದನ್ನ ತಿಕ್ಕಿ ಹೊಳೆಸ್ತಾಳೆ.

ಅವನೀಗ ಊರಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸಂಜೆ ಹುಡುಗರಿಗೆ ಹೆಜ್ಜೆ ಕಲಿಸ್ತಾನೆ. ಬಸ್ ಇಳಿದವನೇ ಅಂಗಡಿಗೆ ಹೋದೆ. ಚಾ ತರಿಸಿದ. ಹತ್ತು ನಿಮಿಷ ಅದೂ ಇದೂ ಮಾತಾಡಿ, ಕೊನೆಗೆ ಅಂದೆ:

“ಲೇ ದೋಸ್ತ, ಅವತ್ತಿನ ಫಸ್ಟ್ ಪ್ರೈಜ್ ನಿಂದಿತ್ತು. ನಾವು ಪೂರಾ ಕಾಪಿ ಹೊಡದಿದ್ವಿ. ಗೊತ್ತಿದ್ದೂ ಸುಮ್ನಿದ್ದೆ.”

ಅವನು ಬಿಚ್ಚಿಟ್ಟ ಫೋನಿನಿಂದ ತಲೆ ಎತ್ತಲಿಲ್ಲ.

“ನನಗೂ ಗೊತ್ತಿತ್ತು ಬಿಡೋ. ನಾನೂ ಆ ಪಿಚ್ಚರ್ ನೋಡಿದ್ನೆಲ್ಲ.”

“ಮತ್ತ ಯಾಕ ಏನೂ ಅನಲಿಲ್ಲ?”

“ನೀ ಅಂತೀಯೇನೋ ಅಂತ ಕಾದೆ. ಒಂದ್ ವರ್ಷ ಕಾದೆ, ಆಮ್ಯಾಲ ಬಿಟ್ಟೆ.” ಸ್ಕ್ರೂ ತಿರುಗಿಸ್ತಾ ಕೇಳಿದ, “ಇರ್ಲಿ, ಆ ಡ್ಯಾನ್ಸ್ ಈಗ ನಾಕ್ ಹೆಜ್ಜಿ ಹಾಕಿ ತೋರಸು ನೋಡೋಣು.”

ಎದ್ದು ನಿಂತೆ. ಎರಡು ಹೆಜ್ಜೆ ಬಂತು. ಮೂರನೆಯದು ನೆನಪಾಗಲಿಲ್ಲ.

ಅವನು ನಕ್ಕ. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಹುಡುಗರು ಹಲಗಿ ಹಿಡಿದು ಬಂದರು. ಅವನು ಕೈ ಒರೆಸಿಕೊಂಡು ಅಂಗಳಕ್ಕಿಳಿದ. ಹನ್ನೆರಡು ವರ್ಷದ ಹಿಂದಿನ ಅದೇ ಹೆಜ್ಜೆ, ಒಂದೂ ತಪ್ಪಲಿಲ್ಲ.

ಆಫೀಸಿನಲ್ಲಿ ಬೇರೆಯವರ ಕೋಡ್ ತಗೊಂಡರೆ ಮೇಲೆ ಅವರ ಹೆಸರು ಹಾಕ್ತೀವಿ. ಸ್ಟೇಜ್ ಮೇಲೆ ಮಾತ್ರ ಯಾಕೆ ಮರೀತೀವೋ! ಆ ಸಿನಿಮಾದವರು ಕಳ್ಳತನದ ಕಥೆಯನ್ನ ಗೆಲುವಿನಿಂದ ಮುಚ್ಚಿಬಿಟ್ಟರು. ನಾನೂ ಕಪ್ ಇಟ್ಟುಕೊಂಡು ಅದನ್ನೇ ಮಾಡಿದ್ದೆ.

ಮರುದಿನ ಕಪ್ ಒಯ್ದು ಅವನ ಅಂಗಡಿಯಲ್ಲಿ ಇಟ್ಟು ಬಂದೆ. ಬ್ಯಾಡ ಅಂದ. ಇಟ್ಟು ಬಂದೆ. ಈಗ ಅದರಲ್ಲಿ ಸ್ಕ್ರೂಡ್ರೈವರ್ ಹಾಕಿಟ್ಟಿದ್ದಾನಂತೆ. ಅವ್ವನಿಗೆ ಇನ್ನೂ ಹೇಳಿಲ್ಲ. ದೀಪಾವಳಿಗೆ ಮೊದಲು ಹೇಳಬೇಕು.